ಒಳಗೆ ತತ್ವಪದ, ಹೊರಗೆ ಹಲಗಿ: ನಮ್ಮೂರ ಭಜನಿಯವರು ಏನು ಮಾಡಬೇಕು?

ದಮ್ಮಡಿ (ಜೇವರ್ಗಿ ಸೀಮಿ)

ಎಲ್ಲರಿಗೂ ಶರಣು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ನಾನು ಕಲಬುರಗಿಯಲ್ಲಿ ಕೆಲಸ ಮಾಡುತ್ತೇನೆ. ಅಮಾವಾಸ್ಯೆಗೆ ಮಾತ್ರ ತಪ್ಪದೆ ಊರಿಗೆ ಹೋಗುತ್ತೇನೆ. ಊರ ಮಠದಲ್ಲಿ ರಾತ್ರಿ ಭಜನಿ. ನಾವು 11 ಜನ, ನಾನು ಬಾರಿಸೋದು ದಮ್ಮಡಿ, ಕೈಯಲ್ಲಿ ಹಿಡಿಯುವ ಚರ್ಮವಾದ್ಯ. ಕಡಕೋಳ ಮಡಿವಾಳಪ್ಪನವರ ತತ್ವಪದ, ಅವರ ಶಿಷ್ಯ ಚೆನ್ನೂರ ಜಲಾಲ್ ಸಾಹೇಬರ ಪದ ಹಾಡುತ್ತೇವೆ. ಕುಲ ಎಲ್ಲಿದೆ, ಮೈಲಿಗೆ ಯಾರಿಗಿದೆ ಅಂತ ಕೇಳುವ ಪದಗಳೆಂದರೆ ನಮಗೆ ಜಾಸ್ತಿ ಪ್ರೀತಿ.

ಶ್ರಾವಣದ ಕಡೇ ಸೋಮವಾರ ಪಲ್ಲಕ್ಕಿ ಇತ್ತು. ದಲಿತರ ಕೇರಿಯಿಂದ ಮೂವರು ಹಲಗಿ ಬಾರಿಸುವವರು ಬಂದಿದ್ದರು. ಊರೆಲ್ಲ ಪಲ್ಲಕ್ಕಿ ಮುಂದೆ ಬಾರಿಸಿದರು. ಮಠದ ಬಾಗಿಲಿಗೆ ಬಂದ ಮೇಲೆ ಪಲ್ಲಕ್ಕಿ ಒಳಗೆ ಹೋಯಿತು, ಹಿಂದೆ ನಾವೂ ಹೋದೆವು. ಅವರು ಕಟ್ಟೆ ಕೆಳಗೇ ನಿಂತರು. ಯಾರೂ ‘ನಿಲ್ಲು’ ಅನ್ನಲಿಲ್ಲ. ಅನ್ನುವ ಅಗತ್ಯವೇ ಇಲ್ಲ, ಅವರಿಗೂ ಗೊತ್ತು, ನಮಗೂ ಗೊತ್ತು. ಒಳಗೆ ನಾವು ಕುಲದ ಪದವನ್ನೇ ಎತ್ತಿಕೊಂಡೆವು. ಅಷ್ಟರಲ್ಲಿ ಮಳೆ. ಹಲಗಿ ಮೇಲೆ ನೀರು ಬಿದ್ದರೆ ಚರ್ಮ ಸಡಿಲಾಗುತ್ತದೆ. ಮೂವರೂ ಹಲಗಿಗೆ ಟವೆಲ್ ಸುತ್ತಿ, ಎದೆಗೆ ಅವಚಿಕೊಂಡು, ಗೋಡೆಗೆ ಒತ್ತಿ ನಿಂತಿದ್ದರು. ನಾನು ಬಾಗಿಲ ಹತ್ತಿರ ಕೂತಿದ್ದೆ, ಕಾಣಿಸುತ್ತಿತ್ತು. ತಾಳ ತಪ್ಪಿದೆ. ಪೇಟಿ (ಹಾರ್ಮೋನಿಯಂ) ಬಾರಿಸುವ ಕಾಕಾ ತಿರುಗಿ ನೋಡಿ, ‘ಯಾಕಲೇ, ನಿದ್ದಿ ಬಂತೇನು?’ ಅಂದರು.

ಹದಿನೈದು ದಿನ ಆದ ಮೇಲೆ ಆ ಮೂವರಲ್ಲಿ ಚಿಕ್ಕವನು ಹಿರಿಯರಿಗೆ ಹೇಳಿ ಕಳಿಸಿದ: ‘ಬರೋ ಜಾತ್ರಿಗೆ ನಾವು ಬಾರ್ಸೋದಿಲ್ರಿ.’ ಊರಲ್ಲಿ ಈಗ ಅದೇ ಮಾತು. ಭಜನಿಯ ನಾವು ನಾಲ್ಕು ಜನ ಹುಡುಗರು ಸೇರಿ, ಜಾತ್ರೆಯಲ್ಲಿ ಜಾತಿ ಬಗ್ಗೆ ಒಂದು ನಾಟಕ ಮಾಡೋಣ ಅಂತ ಯೋಚಿಸಿದ್ದೇವೆ. ನಿಮ್ಮ ನಿಮ್ಮ ಗುಡಿ, ಚರ್ಚು, ದರ್ಗಾ, ವಿಹಾರದಲ್ಲಿ ಯಾರಾದರೂ ಇಂಥದ್ದು ಮಾಡಿದ್ದೀರಾ? ಏನಾಯಿತು?

ಬೀದರ್ ಟೀಚರ್

ಮಾಡಿದ್ದೇವೆ. ಮೊದಲ ಸಲ ಕೆಟ್ಟಿತು, ಅದನ್ನೇ ಹೇಳ್ತೀನಿ.

ನಮ್ಮ ಸಭೆಯಲ್ಲಿ ಕ್ರಿಸ್‌ಮಸ್‌ಗೆ ಪ್ರತಿ ವರ್ಷ ಮಕ್ಕಳ ನಾಟಕ ಇರುತ್ತದೆ. ಒಂದು ವರ್ಷ ನೀರಿನ ನಳದ ಜಗಳ ಹಾಕಿದೆವು. ಒಬ್ಬ ಮುದುಕಿ ಕೊಡ ಇಡುತ್ತಾಳೆ, ಇನ್ನೊಬ್ಬಳು ಆ ಕೊಡ ಎತ್ತಿ ದೂರ ಇಡುತ್ತಾಳೆ. ಕೊನೆಯಲ್ಲಿ ಎಲ್ಲರೂ ತಬ್ಬಿಕೊಂಡು ಕೀರ್ತನೆ ಹಾಡುತ್ತಾರೆ. ಜನ ಚಪ್ಪಾಳೆ ತಟ್ಟಿದರು, ಕೇಕು ತಿಂದರು, ಮನೆಗೆ ಹೋದರು. ಮುಗೀತು. ನಮ್ಮ ಸಭೆಯಲ್ಲೂ ಯಾವ ಮನೆತನ ಯಾವ ಬೆಂಚಿನಲ್ಲಿ ಕೂರಬೇಕು ಅನ್ನುವುದು ಇದೆ. ಅದರ ಸುದ್ದಿಗೇ ನಾವು ಹೋಗಿರಲಿಲ್ಲ.

ಎರಡನೇ ಸಲ ಬ್ರೆಜಿಲ್‌ನ ಅಗಸ್ಟೋ ಬೋಲ್ 1970ರ ದಶಕದಲ್ಲಿ ಬೆಳೆಸಿದ ಪದ್ಧತಿ ಹಿಡಿದೆವು. ನಾಟಕ ಅನ್ಯಾಯದ ಜಾಗಕ್ಕೆ ಬಂದು ನಿಲ್ಲುತ್ತದೆ. ಮುಂದೆ ಏನು ಮಾಡಬೇಕು ಅಂತ ನೋಡುವವರನ್ನೇ ಕೇಳುತ್ತಾರೆ. ಬಾಯಲ್ಲಿ ಹೇಳಿದರೆ ಸಾಲದು, ಎದ್ದು ಬಂದು ಪಾತ್ರದ ಜಾಗದಲ್ಲಿ ನಿಂತು ಮಾಡಿ ತೋರಿಸಬೇಕು. ಅದೇ ನಳ, ಅದೇ ಕೊಡ. ಮುದುಕಿ ಜಾಗಕ್ಕೆ ಯಾರು ಬರ್ತೀರಿ ಅಂತ ಕೇಳಿದೆ. ಯಾರೂ ಏಳಲಿಲ್ಲ. ಐದು ನಿಮಿಷ ಬರೀ ಫ್ಯಾನಿನ ಸದ್ದು. ಆಮೇಲೆ ಹಿಂದಿನ ಸಾಲಿನ ಒಬ್ಬ ಅಜ್ಜಿ ಎದ್ದು ಬಂದರು. ಮುದುಕಿ ಪಾತ್ರ ಅವರಿಗೆ ಬೇಡವಂತೆ. ಕೊಡ ಎತ್ತಿಡುವವಳ ಜಾಗದಲ್ಲಿ ನಿಂತರು. ‘ನಾನೂ ಹಿಂಗ ಮಾಡೀನವ್ವ, ಯಾಕ ಮಾಡಿದೆ ಹೇಳ್ತೀನಿ ಕೇಳ್ರಿ’ ಅಂದರು. ಆ ರಾತ್ರಿ ನಾಟಕ ಮುಂದಕ್ಕೆ ಹೋಗಲೇ ಇಲ್ಲ, ಮಾತೇ ಆಯಿತು.

ಇನ್ನೊಂದು ಮಾತು. ಪರಿಶಿಷ್ಟ ಜಾತಿ ಯಾರು ಅಂತ ಹೇಳುವ 1950ರ ಆದೇಶ ಮೊದಲು ಬಹುಮಟ್ಟಿಗೆ ಹಿಂದೂಗಳಿಗಷ್ಟೇ ಇತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತ ಮತ್ತು ಮುಸ್ಲಿಂ ದಲಿತರು ಈಗಲೂ ಹೊರಗೇ. ಆದೇಶ ಹೊರಟಿದ್ದು ಆಗಸ್ಟ್ 10ಕ್ಕೆ, ಅದಕ್ಕೇ ಆ ದಿನವನ್ನು ಕಪ್ಪು ದಿನ ಅಂತ ಆಚರಿಸುತ್ತಾರೆ. ನಾವೂ ಹಾಡುತ್ತೇವೆ. ಆದರೆ ಸರ್ಕಾರದ ವಿರುದ್ಧ ಹಾಡುವುದು ಸುಲಭ ರೀ. ನಮ್ಮದೇ ಬೆಂಚಿನ ಬಗ್ಗೆ ಹಾಡುವಾಗ ಗಂಟಲು ಒಣಗುತ್ತದೆ.

ಹಳೇ ಬೇರು

ತಪ್ಪು ತಿಳ್ಕೋಬೇಡಿ. ಭಜನಿ ಇರುವುದು ಭಕ್ತಿಗೆ. ಅದರಲ್ಲಿ ರಾಜಕೀಯ ತಂದರೆ ಊರು ಎರಡು ಭಾಗ ಆಗುತ್ತದೆ, ಆಮೇಲೆ ಪೊಲೀಸರು ಬಂದು ಜಾತ್ರೆಯೇ ನಿಲ್ಲುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ. ಹಲಗಿಯವರಿಗೆ ಊರವರು ತಲೆತಲಾಂತರದಿಂದ ಆಯ (ಸೇವೆಗೆ ಕೊಡುವ ಕಾಳುಕಡಿ) ಕೊಡುತ್ತಾ ಬಂದಿದ್ದಾರೆ, ಕಾಯಿ-ಬಟ್ಟೆ ಕೊಡುತ್ತಾರೆ. ಅವರಿಗೂ ಅದು ದೇವರ ಸೇವೆ. ಇಲ್ಲದ ಗಾಯ ಕೆರೆದು ಹುಣ್ಣು ಮಾಡಬೇಡಿ.

ಹಲಗಿ ಕೈ

@ಹಳೇ ಬೇರು ಅಣ್ಣಾವ್ರೇ, ಆಯ ಅಂತೀರಲ್ಲ, ಎಷ್ಟು ಅಂತಲೂ ಬರೀರಿ. ನಮ್ಮಪ್ಪನಿಗೆ ಮೂರು ದಿನದ ಜಾತ್ರೆಗೆ ಸಿಗುತ್ತಿದ್ದದ್ದು ಎರಡು ಕಾಯಿ, ಒಂದು ಸೇರು ಜೋಳ, ರಾತ್ರಿ ಉಳಿದ ಹುಗ್ಗಿ. ಹುಗ್ಗಿಯನ್ನೂ ಎತ್ತರದಿಂದ ಹಾಕುತ್ತಿದ್ದರು.

ನಾನೀಗ ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಇದ್ದೇನೆ. ಊರು ಯಾದಗಿರಿ ಜಿಲ್ಲೆ. ಹಲಗಿ ಅಂದ್ರೆ ನನಗೆ ಜೀವ. ಬಾರಿಸುವ ಮೊದಲು ಜೋಳದ ದಂಟು, ಹಳೇ ಪೇಪರ್ ಕೂಡಿಸಿ ಬೆಂಕಿ ಮಾಡಿ ಹಲಗಿ ಕಾಸುತ್ತೇವೆ. ಬೆರಳಲ್ಲಿ ತಟ್ಟಿ ನೋಡಬೇಕು. ‘ಡಬ್’ ಅಂದರೆ ಇನ್ನೂ ಕಾಯಬೇಕು, ‘ಟಣ್’ ಅಂದರೆ ಸಾಕು. ಒಂದು ಕ್ಷಣ ಹೆಚ್ಚಾದರೆ ಚರ್ಮ ಬಿರಿಯುತ್ತದೆ. ನಮ್ಮಪ್ಪ ಬೆಂಕಿ ಕಡೆ ನೋಡುತ್ತಲೇ ಇರಲಿಲ್ಲ. ಮುಖ ಆ ಕಡೆ ತಿರುಗಿಸಿ ಬರೀ ಕಿವಿಯಿಂದ ಕಾಸುತ್ತಿದ್ದ. ಇಂಥ ಕಲಾವಿದನಿಗೆ ಪೇಟಿಯವರ ಪಕ್ಕದಲ್ಲಿ ಒಂದು ಚಾಪೆ ಸಿಗಲಿಲ್ಲ.

ನಾನು ಊರ ಜಾತ್ರೆಗೆ ಬಾರಿಸುವುದು ಬಿಟ್ಟೆ, ಹಲಗಿ ಬಿಡಲಿಲ್ಲ. ಏಪ್ರಿಲ್ 14ಕ್ಕೆ ರಜೆ ಹಾಕಿ ಬರುತ್ತೇನೆ. ಭೀಮ ಜಯಂತಿ ಮೆರವಣಿಗೆಯಲ್ಲಿ ಬಾರಿಸುತ್ತೇನೆ, ದುಡ್ಡು ಮಾತಾಡಿಕೊಂಡೇ ಬಾರಿಸುತ್ತೇನೆ. ಅದೇ ಕಡ್ಡಿ, ಅದೇ ಚರ್ಮ, ಆದರೆ ಅಲ್ಲಿ ನಾನು ಮುಂದೆ ಇರ್ತೀನಿ. 2009ರಲ್ಲಿ ಕಲಬುರಗಿ ಬುದ್ಧವಿಹಾರ ಉದ್ಘಾಟನೆಯಾದಾಗ ನಮ್ಮೂರಿಂದ ಟೆಂಪೊ ಮಾಡ್ಕೊಂಡು ಹೋಗಿದ್ದರು, ನಮ್ಮಪ್ಪನೂ ಹೋಗಿದ್ದ. ಬಂದ ಮೇಲೆ ಒಂದೇ ಮಾತು: ‘ಚಪ್ಪಲಿ ಬಿಟ್ಟು ಒಳಗ ಹೋದ್ನಿ, ಯಾರೂ ಯಾರಂವ ಅಂತ ಕೇಳ್ಲಿಲ್ಲ.’

ಊರು ಎರಡು ಭಾಗ ಆಗುತ್ತದೆ ಅಂತ ಹೆದರಿಸಬೇಡಿ. ಊರು ಮತ್ತು ಕೇರಿ ಅಂತ ಮೊದಲಿಂದಲೂ ಎರಡೇ ಇವೆ. ಕಾನೂನೂ ಗೊತ್ತಿರಲಿ. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿ ನಿಷೇಧಿಸುತ್ತದೆ. 1989ರ ಅಟ್ರಾಸಿಟಿ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಯಿತು, 2016ರ ಜನವರಿ 26ರಿಂದ ಜಾರಿಯಲ್ಲಿದೆ. ಬಿಟ್ಟಿ ಮಾಡಿಸುವುದು, ಗುಡಿಗೆ ಬರದಂತೆ ತಡೆಯುವುದು, ಬಹಿಷ್ಕಾರ ಹಾಕುವುದು, ಎಲ್ಲಕ್ಕೂ ಅದರಲ್ಲಿ ಶಿಕ್ಷೆ ಇದೆ. ಆ ಹುಡುಗ ಬಾರಿಸಲ್ಲ ಅಂದಿದ್ದಕ್ಕೆ ಊರಲ್ಲಿ ಯಾರಾದರೂ ಅವನಿಗೆ ಕಿರಾಣಿ ಕೊಡೋದು ನಿಲ್ಲಿಸಿದರೆ ಅದೂ ಕೇಸೇ.

@ದಮ್ಮಡಿ, ನಿಮಗೆ ಒಂದೇ ಪ್ರಶ್ನೆ. ನಾಟಕದ ಯೋಚನೆ ಮಾಡುವ ಮೊದಲು ಆ ಹುಡುಗನ ಹತ್ತಿರ ಹೋಗಿ ಮಾತಾಡಿದಿರಾ?

ದಮ್ಮಡಿ

ಇಲ್ಲ. ನಾಚಿಕೆ ಆಗ್ತಿದೆ, ಆದರೆ ಇಲ್ಲ.

ಕಲ್ಯಾಣದ ಹುಡುಗಿ

ನಾನು ಬಸವಕಲ್ಯಾಣದವಳು. ನಮ್ಮೂರಲ್ಲಿ ಹರಳಯ್ಯನ ಗವಿ ಇದೆ. ಶಾಲೆಯಲ್ಲಿದ್ದಾಗ ಬಸವ ಜಯಂತಿಗೆ ಪ್ರತಿ ವರ್ಷ ಅದೇ ಕತೆಯ ನಾಟಕ. ಚಮ್ಮಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ, ಆಮೇಲೆ ಇಬ್ಬರು ತಂದೆಯರಿಗೂ ಎಳೆಹೂಟೆ ಶಿಕ್ಷೆ, ಅಂದರೆ ಆನೆ ಕಾಲಿಗೆ ಕಟ್ಟಿ ಎಳೆಸುವುದು. ನಾನು ಮೂರು ವರ್ಷ ಮಧುವರಸನ ಮಗಳಾಗಿದ್ದೆ. ಹರಳಯ್ಯ ಯಾರಾಗಬೇಕು ಅಂತ ನಮ್ಮ ಮೇಷ್ಟ್ರು ಯೋಚನೆಯನ್ನೇ ಮಾಡುತ್ತಿರಲಿಲ್ಲ. ಕ್ಲಾಸಿನಲ್ಲಿ ಆ ಕೇರಿಯ ಹುಡುಗ ಒಬ್ಬನಿದ್ದ. ‘ನೀನೇ ಆಗಪ್ಪ, ನಿನಗ ಹೊಂದ್ತದ’ ಅಂತಿದ್ದರು. ಬಸವಣ್ಣನ ಪಾತ್ರ ಅವನಿಗೆ ಒಂದು ಸಲವೂ ಹೊಂದಲಿಲ್ಲ. ಮೂರನೇ ವರ್ಷ ಅವನು ನಾಟಕದ ದಿನ ಶಾಲೆಗೇ ಬರಲಿಲ್ಲ. ಜ್ವರ ಅಂದರು. ಆ ಜ್ವರ ಏನು ಅಂತ ನನಗೆ ಅರ್ಥ ಆಗಿದ್ದು ಕಾಲೇಜಿಗೆ ಬಂದ ಮೇಲೆ.

12ನೇ ಶತಮಾನದ ಶರಣರ ಬಗ್ಗೆ ನಮಗೆಲ್ಲ ಹೆಮ್ಮೆ. ಸರಿ. ಆದರೆ ಆಗ ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ, ಸೂಳೆ ಸಂಕವ್ವ ಇವರೆಲ್ಲ ತಾವೇ ಮಾತಾಡಿದರು, ತಮ್ಮದೇ ಅಂಕಿತ ಹಾಕಿಕೊಂಡರು. ಬೇರೆ ಯಾರೋ ಕೂತು ಅವರ ಪರವಾಗಿ ಬರೆದದ್ದಲ್ಲ. ಈಗಿನ ವಚನ ಗಾಯನ ನೋಡಿ. ಸೌಂಡ್ ಸಿಸ್ಟಮ್, ಶಾಲು, ಹಾರ. ಹಾಡುವವರು ಯಾರು, ಕುರ್ಚಿ ಹಾಕುವವರು ಯಾರು ಅಂತ ಒಂದು ಸಲ ಎಣಿಸಿ.

ಅದಕ್ಕೇ ನಿಮ್ಮ ನಾಟಕವನ್ನು ಯಾರು ಬರೆಯುತ್ತಾರೆ ಅನ್ನೋದು ನನ್ನ ಪ್ರಶ್ನೆ. ಭಜನಿಯ ನಾಲ್ಕು ಹುಡುಗರು ಬರೆದರೆ ಅದರಲ್ಲಿ ಹಲಗಿಯವನು ಅಳ್ತಾನೆ, ನೀವು ಹೋಗಿ ಕಣ್ಣೀರು ಒರೆಸ್ತೀರಿ. ಆ ನಾಟಕ ನಾನು ಬೇಕಾದಷ್ಟು ನೋಡಿದ್ದೇನೆ.

ಸುರಪುರದವ

ನಾನು ಸ್ವಲ್ಪ ಬೇರೆ ಕಡೆಯಿಂದ ಹೇಳ್ತೀನಿ.

ನಮ್ಮ ಭಾಗದ ಜನಕ್ಕೆ ಭಾವೈಕ್ಯ ಅಂದ್ರೆ ಬಹಳ ಅಭಿಮಾನ. ತಿಂಥಣಿ ಮೌನೇಶ್ವರನನ್ನು ಮೌನುದ್ದೀನ್ ಅಂತಲೂ ಕರೆಯುತ್ತೇವೆ. ಬೀದರ್ ಹತ್ತಿರದ ಅಷ್ಟೂರಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿಗೆ ಜಂಗಮರು ಬಂದು ಶಂಖ ಊದುತ್ತಾರೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಮೊಹರಂಗೆ ಪೀರದೇವರು ಕೂರುತ್ತವೆ. ಕತ್ತಲ ರಾತ್ರಿ ಅಲಾಯಿ ಕುಣಿ (ಬೆಂಕಿ ಹಾಕುವ ಗುಂಡಿ) ಸುತ್ತ ಊರೇ ಹೆಜ್ಜೆ ಹಾಕುತ್ತದೆ. ಇದೆಲ್ಲ ನಿಜ, ಚಂದವೂ ಹೌದು. ಪತ್ರಿಕೆಯವರು ಬಂದು ಫೋಟೊ ಹೊಡೆದು ‘ಸೌಹಾರ್ದ’ ಅಂತ ಬರೆಯುತ್ತಾರೆ.

ಆದರೆ ಅದೇ ಅಲಾಯಿ ಕುಣಿ ತೋಡುವವರು ಯಾರು? ಕಟ್ಟಿಗೆ ತಂದು ಒಟ್ಟುವವರು ಯಾರು? ಪೀರ ಎತ್ತುವವರು ಯಾರು? ಹಿಂದೂ-ಮುಸ್ಲಿಂ ಹೆಗಲ ಮೇಲೆ ಕೈ ಹಾಕ್ಕೊಂಡಿರೋ ಫೋಟೊದಲ್ಲಿ ಕೇರಿಯವನು ಎಲ್ಲಿದ್ದಾನೆ ಅಂತ ಹುಡುಕಿ. ಹಲಗಿ ಹಿಡ್ಕೊಂಡು ಫೋಟೊದ ಅಂಚಿನಲ್ಲಿ ಇರ್ತಾನೆ, ಅರ್ಧ ಮೈ ಕತ್ತರಿಸಿರುತ್ತದೆ. ಸೌಹಾರ್ದ ಅನ್ನೋದು ಎರಡು ಮರ್ಯಾದಸ್ತ ಮನೆಗಳ ನಡುವಿನ ಮಾತು ಆಗಿಬಿಟ್ಟಿದೆ ಅನ್ನಿಸ್ತದೆ ನನಗೆ. ಜಗಳ ಬಂದರೂ ಪರವಾಗಿಲ್ಲ, ಹೇಳಿಬಿಟ್ಟೆ.

ಈಗ ಉಪಾಯ. ಬೀದರ್ ಟೀಚರ್ ಹೇಳಿದ ಪದ್ಧತಿ ಚೆನ್ನಾಗಿದೆ, ಆದರೆ ಜಾತ್ರೆಯಲ್ಲಿ ನಾಟಕ ನಿಲ್ಲಿಸಿ ‘ನೀವು ಬನ್ನಿ’ ಅಂದರೆ ಕುಡಿದವರೇ ಮೊದಲು ಬರ್ತಾರೆ. ನಮ್ಮಲ್ಲೇ ಸವಾಲ್-ಜವಾಬ್ ಇದೆಯಲ್ಲ! ಗೀಗೀ ಮೇಳದಲ್ಲಿ ಹರದೇಶಿ-ನಾಗೇಶಿ ಎರಡು ಪಕ್ಷ, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ರಾತ್ರಿಯಿಡೀ ಹಾಡಿನಲ್ಲೇ ವಾದ ಮಾಡ್ತಾರೆ. ಮೊಹರಂ ರಿವಾಯತ್ ಪದದವರೂ ಹಸನ್ ಹುಸೇನರ ಕತೆ ಹಾಡುತ್ತಾ ಹಾಡುತ್ತಾ ಊರಿನ ಬರ, ದುಡ್ಡು-ಕಾಸಿನ ಮಾತು ಸೇರಿಸಿಬಿಡ್ತಾರೆ. ಜನಕ್ಕೆ ಈ ಆಟದ ನಿಯಮ ಗೊತ್ತು. ಹಾಡಿನಲ್ಲಿ ಕೇಳಿದ ಸವಾಲಿಗೆ ಸಿಟ್ಟು ಮಾಡೋಹಾಗಿಲ್ಲ, ಹಾಡಿನಲ್ಲೇ ಜವಾಬು ಕೊಡಬೇಕು. ಕೊಡದಿದ್ದರೆ ಸೋತಂತೆ.

ಹಲಗಿಯವರು ಸವಾಲು ಹಾಕಲಿ, ಭಜನಿಯವರು ಜವಾಬು ಕೊಡಲಿ. ಒಂದೇ ಕಟ್ಟೆ ಮೇಲೆ, ಒಂದೇ ಚಾಪೆ ಮೇಲೆ.

ಹಲಗಿ ಕೈ

ಇದು ಕೇಳೋ ಹಾಗಿದೆ. ಆದರೆ ಪಗಾರ ಮೊದಲು. ಇಲ್ಲಾಂದ್ರೆ ಇದೂ ಬಿಟ್ಟಿ ಸೇವೆ ಆಗುತ್ತದೆ, ಹೆಸರು ಮಾತ್ರ ‘ಸಾಮಾಜಿಕ ನ್ಯಾಯ’.

ರೋಜಾ ಓಣಿ

ಕಲಬುರಗಿಯಿಂದ ನಾನು. ದರ್ಗಾ ನಮ್ಮ ಮನೆಯಿಂದ ನಡೆದುಕೊಂಡು ಹೋಗೋ ದೂರ. ಅಮ್ಮಿಗೆ ಒಂದೆರಡು ಚಕ್ಕಿನಾಮಾ ಬರುತ್ತಿದ್ದವು. ಚಕ್ಕಿ ಅಂದ್ರೆ ಬೀಸುಕಲ್ಲು. ದಖ್ಖನಿಯಲ್ಲಿ ಹೆಂಗಸರು ಬೀಸುತ್ತಾ ಹಾಡುವ ಸೂಫಿ ಪದಗಳು. ಈ ದರ್ಗಾದ ಸೂಫಿ ಸಂತ, 1422ರಲ್ಲಿ ತೀರಿಕೊಂಡ ಖಾಜಾ ಬಂದೇನವಾಜರ ಹೆಸರಲ್ಲೂ ಚಕ್ಕಿನಾಮಾ ಇದೆ. ನಿಮ್ಮ ಬೀಸುವ ಪದ ಇದ್ದ ಹಾಗೇ. ದೊಡ್ಡ ಮಾತನ್ನು ಬೀಸುಕಲ್ಲಿನ ಗೂಟ ಹಿಡಿದವಳ ಬಾಯಿಗೆ ತಂದಿಟ್ಟ ಕಲೆ ಅದು. ಆದರೆ ಕವ್ವಾಲಿ ಕೂಟದಲ್ಲಿ ಹೆಂಗಸರು ಎಲ್ಲಿ ಕೂರ್ತಾರೆ ಅಂತ ನನ್ನನ್ನು ಕೇಳಬೇಡಿ. ಹಿಂದೆ, ದೂರದಲ್ಲಿ.

@ದಮ್ಮಡಿ ಭಾಯಿ, 11 ಜನ ಅಂದಿರಲ್ಲ. ಎಷ್ಟು ಹೆಂಗಸರು?

ದಮ್ಮಡಿ

ಒಬ್ಬರೂ ಇಲ್ಲ ಅಕ್ಕಾ. ಚಹಾ ಮಾಡ್ತಾರೆ.

ಚಹಾ ಅಂದಕೂಡಲೇ ನೆನಪಾಯಿತು. ಮೊದಲು ಭಜನಿಯವರಿಗೆ ಸ್ಟೀಲ್ ಗ್ಲಾಸು, ಹಲಗಿಯವರಿಗೆ ಪೇಪರ್ ಕಪ್ಪು ಇತ್ತು. ಹೋದ ವರ್ಷ ನಾವು ಹುಡುಗರು ಗಲಾಟೆ ಮಾಡಿದ್ದಕ್ಕೆ ಹಿರಿಯರು ಒಂದು ದಾರಿ ಹುಡುಕಿದರು. ಎಲ್ಲರಿಗೂ ಪೇಪರ್ ಕಪ್ಪು. ಗೆದ್ದೆವು ಅಂತ ಖುಷಿಪಟ್ಟಿದ್ದೆವು.

ಹಲಗಿ ಕೈ

😂 ಹೌದ್ರಿ, ಈಗ ಎಲ್ಲಾ ಕಡೆ ಅದೇ ಸಮಾನತೆ.

ಬೀದರ್ ಟೀಚರ್

ಗ್ಲಾಸಿನ ಮಾತಿಗೆ ಒಂದು ನೆನಪು. ಸಿಖ್ಖರ ಗುರು ಗೋಬಿಂದ್ ಸಿಂಗರ ಮೊದಲ ಐವರು ಖಾಲ್ಸಾ, ಅಂದರೆ ಪಂಚ ಪ್ಯಾರೆಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು, ಕ್ಷೌರಿಕ ಮನೆತನ. ಇಲ್ಲಿನ ಗುರುದ್ವಾರ ನಾನಕ್ ಝೀರಾದ ಲಂಗರಿಗೆ (ಎಲ್ಲರಿಗೂ ಊಟ ಹಾಕುವ ಪಂಕ್ತಿಗೆ) ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಕೀರ್ತನ ಕೇಳಿ ಎಲ್ಲರೂ ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂತೆವು, ಸ್ಟೀಲ್ ತಟ್ಟೆ. ವಾಪಸ್ ಬರುವಾಗ ಒಬ್ಬ ಹುಡುಗ ಕೇಳಿದ, ‘ಟೀಚರ್, ಆ ತಟ್ಟೆ ಯಾರು ತೊಳೀತಾರೆ?’ ಬಂದ ಭಕ್ತರೇ ತೊಳೆಯುತ್ತಾರೆ ಅಂದೆ. ಅವನಿಗೆ ನಂಬಿಕೆ ಬರಲಿಲ್ಲ, ಒಳಗೆ ಹೋಗಿ ನೋಡಿ ಬಂದ.

ಹಳೇ ಬೇರು

ಎಲ್ಲ ಓದಿದೆ. ನಾನು ಹೇಳಿದ್ದರಲ್ಲಿ ಆಯದ ಮಾತು ತಪ್ಪಿರಬಹುದು, ಒಪ್ಕೋತೀನಿ. ಆದರೆ ಒಂದು ಕೇಳ್ತೀನಿ. ಹಿರಿಯರನ್ನು ಹೊರಗಿಟ್ಟು ಮಾಡಿದರೆ ನೀವೂ ಅದೇ ಕೆಲಸ ಮಾಡಿದಂತೆ ಅಲ್ವಾ? ಆ ಪೇಟಿ ಕಾಕಾ 40 ವರ್ಷದಿಂದ ಬಾರಿಸ್ತಿರಬೇಕು. ಅವರನ್ನೂ ಕರೀರಿ.

ಕಲ್ಯಾಣದ ಹುಡುಗಿ

ಕರೆಯಲಿ, ಬರಲಿ. ಹೊರಗೆ ಮಳೆಯಲ್ಲಿ ಯಾರೂ ನಿಲ್ಲಿಸೋದಿಲ್ಲ.

ದಮ್ಮಡಿ

ಒಂದೂವರೆ ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಕೇಳಿದವರಿಗೆಲ್ಲ ಸುದ್ದಿ ಹೇಳಬೇಕಲ್ಲ.

ಆ ಹುಡುಗನ ಮನೆಗೆ ಹೋಗಿದ್ದೆ. ಮೊದಲ ದಿನ ಅವನು ಮಾತೇ ಆಡಲಿಲ್ಲ, ಮೊಬೈಲ್ ನೋಡ್ತಾ ಕೂತಿದ್ದ. ಎರಡನೇ ಸಲ ಸವಾಲ್-ಜವಾಬ್ ವಿಷಯ ಹೇಳಿದೆ. ‘ಪ್ರ್ಯಾಕ್ಟೀಸ್ ಎಲ್ರಿ?’ ಅಂದ. ಮಠದಲ್ಲಿ ಅಂದೆ. ‘ನಮ್ಮ ಅಂಬೇಡ್ಕರ್ ಭವನದಾಗ ಆದ್ರ ಬರ್ತೀನ್ರಿ. ನೀವೇ ಬರ್ರಿ ಈ ಕಡಿ’ ಅಂದ. ಸರಿ ಅಂದೆ. ಅಂದದ್ದು ಸುಲಭ.

ಹೋದ ಭಾನುವಾರ ಮೊದಲ ಪ್ರ್ಯಾಕ್ಟೀಸ್. 11 ಜನರಲ್ಲಿ ಬಂದವರು ನಾಲ್ಕು. ಅದರಲ್ಲಿ ಒಬ್ಬ ಆ್ಯಸಿಡಿಟಿ ಅಂತ ಚಹಾ ಕುಡಿಯಲಿಲ್ಲ. ಅವನಿಗೆ ಆ್ಯಸಿಡಿಟಿ ಇದ್ದದ್ದು ನನಗೆ ಗೊತ್ತಿರಲಿಲ್ಲ. ಚಹಾ ಸ್ಟೀಲ್ ಗ್ಲಾಸಿನಲ್ಲೇ ಬಂತು. ಪೇಟಿ ಕಾಕಾ ಬರಲಿಲ್ಲ. ಆದರೆ ಅವರ ಪೇಟಿ ಬಂತು, ಮೊಮ್ಮಗಳು ಸೈಕಲ್ ಹಿಂದೆ ಕಟ್ಟಿಕೊಂಡು ತಂದಳು. ಅವಳಿಗೂ ಸ್ವಲ್ಪ ಬಾರಿಸಲು ಬರುತ್ತದೆ. @ರೋಜಾ ಓಣಿ ಅಕ್ಕಾ, ಸದ್ಯಕ್ಕೆ ಲೆಕ್ಕ ಒಂದು.

ದುಡ್ಡಿನ ವಿಷಯ: ಮೂವರಿಗೆ 6,000 ರೂಪಾಯಿ ಕೇಳಿದ್ದಾರೆ. ಜಾತ್ರೆ ಕಮಿಟಿಯವರು ಇನ್ನೂ ಹೂಂ ಅಂದಿಲ್ಲ. ನಾವು ನಾಲ್ವರು ಕೈಯಿಂದ ಹಾಕಿ 2,000 ಅಡ್ವಾನ್ಸ್ ಕೊಟ್ಟಿದ್ದೇವೆ. ಮಠದ ಕಟ್ಟೆ ಮೇಲೆ ಕೂರಿಸುವ ಮಾತು ಇನ್ನೂ ಗಟ್ಟಿಯಾಗಿಲ್ಲ. ಹಿರಿಯರು ಪಕ್ಕದ ಬಯಲಲ್ಲಿ ಪೆಂಡಾಲ್ ಹಾಕೋಣ ಅಂತಿದ್ದಾರೆ. ಇನ್ನೊಂದು ಪೇಪರ್ ಕಪ್ಪು.

ಪ್ರ್ಯಾಕ್ಟೀಸಿನಲ್ಲಿ ಮೊದಲ ಸವಾಲು ಅವನೇ ಹಾಕಿದ. ಬರೆದುಕೊಂಡೇನೂ ಬಂದಿರಲಿಲ್ಲ. ಹಲಗಿ ಕಾಸಿ, ಎರಡು ಸಲ ತಟ್ಟಿ ನೋಡಿ, ನಮ್ಮದೇ ಧಾಟಿಯಲ್ಲಿ ಹಾಡಿದ: ‘ಮಳಿ ಬಂದಾಗ ನಿಮ್ಮ ಪದ ಎಲ್ಲಿ ನಿಂತಿತ್ತು?’ ನನಗೆ ದಮ್ಮಡಿ ಎತ್ತೋಕೆ ಆಗಲಿಲ್ಲ. ಜವಾಬು ಇನ್ನೂ ಕಟ್ಟಿಲ್ಲ. ಏನೇನೋ ಬರೆದು ಹರಿದು ಹಾಕಿದ್ದೇವೆ. ‘ಕ್ಷಮಿಸು’ ಅಂತ ಒಂದು ಬರೆದೆವು. ಅವನು ಓದಿ, ‘ಇದು ಜವಾಬ ಅಲ್ಲರಿ, ಇದು ಮುಗಿಸೋ ಮಾತು’ ಅಂದ.

ಸುರಪುರದವ

ಭಲೇ! ಜವಾಬು ಸಿಗದಿದ್ದರೆ ಸೋತೆವು ಅಂತ ಹಾಡಿನಲ್ಲೇ ಹೇಳಿ. ಮೇಳದಲ್ಲಿ ಸೋತವರು ಏನು ಮಾಡ್ತಾರೆ ಗೊತ್ತಲ್ಲ, ಗೆದ್ದವರ ಕೈಗೆ ವೇದಿಕೆ ಬಿಡ್ತಾರೆ.

ಹಲಗಿ ಕೈ

ಜಾತ್ರೆ ಯಾವತ್ತು? ತಾರೀಕು ಹಾಕ್ರಿ, ರಜೆ ಕೇಳಬೇಕು. ಪುಣೆಯಿಂದ ರಾತ್ರಿ ಗಾಡಿ ಹತ್ತಿದರೆ ಬೆಳಿಗ್ಗೆ ಕಲಬುರಗಿಗೆ ಇಳೀತೀನಿ. ಅಲ್ಲಿಂದ ನಿಮ್ಮೂರಿಗೆ ಬಸ್ಸು ಎಷ್ಟೊತ್ತಿಗೆ? ನನ್ನ ಹಲಗಿ ನಾನೇ ತರ್ತೀನಿ. ಕಾಸೋಕೆ ಒಂದಿಷ್ಟು ಜೋಳದ ದಂಟು ಒಣಗಿಸಿ ಇಡೋಕೆ ಹೇಳ್ರಿ ಆ ಹುಡುಗನಿಗೆ.